ಖಾಲಿ ಗ್ವಾದಲಿಯ ಮುಂದೆ

ನವಲಗುಂದ, ಅಣ್ಣಿಗೇರಿ ಸೀಮೆಯ ಹಳೆಯ ಮಣ್ಣಿನ ಮನೆಗಳ ತಲೆಬಾಗಿಲು ದಾಟಿದರೆ ಮೊದಲು ಮುಖ ತೋರಿಸುವುದು ಎತ್ತು, ಮನುಷ್ಯರು ಆಮೇಲೆ. ಬಾಗಿಲಿನ ಒಳಗೇ ತಗ್ಗಿನಲ್ಲಿ ದನ ಕಟ್ಟುವ ದಂದಕ್ಕಿ, ಅಲ್ಲಿಂದ ಎರಡು ಮೆಟ್ಟಿಲು ಏರಿದರೆ ಪಡಸಾಲೆ, ಅದರ ಹಿಂದೆ ಅಡುಗೆಮನೆ, ದೇವರ ಜಗಲಿ. ದನಕ್ಕೊಂದು ಕೊಟ್ಟಿಗೆ, ಜನಕ್ಕೊಂದು ಮನೆ ಎಂಬ ವಿಂಗಡಣೆ ಈ ಮನೆಗಳನ್ನು ಕಟ್ಟಿದವರ ತಲೆಯಲ್ಲಿ ಇರಲಿಲ್ಲ. ಪಡಸಾಲೆಯಲ್ಲಿ ಮಲಗಿದ ಮುದುಕನಿಗೂ ಮೇವು ಹಾಕುವ ಗ್ವಾದಲಿಗೆ ಕಟ್ಟಿದ ಎತ್ತಿಗೂ ನಡುವೆ ನಾಲ್ಕೇ ಹೆಜ್ಜೆ. ಕತ್ತಲಲ್ಲಿ ಮೆಲುಕು ಹಾಕುವ ಸಪ್ಪಳ, ಬಾಲ ಬೀಸಿದಾಗಿನ ಗಾಳಿ, ಆಗೀಗ ಕೊರಳ ಗಂಟೆಯದೊಂದು ಸಣ್ಣ ದನಿ. ಇವನ್ನು ಕೇಳುತ್ತಲೇ ಹತ್ತು ಹದಿನೈದು ವರ್ಷ ನಿದ್ದೆ ಹೋದವರಿಗೆ ಗ್ವಾದಲಿ ಖಾಲಿಯಾದ ರಾತ್ರಿ ಮತ್ತೆ ಮತ್ತೆ ಎಚ್ಚರವಾಗುತ್ತದೆ. ಸಪ್ಪಳ ಇಲ್ಲದ್ದಕ್ಕೇ ಎಚ್ಚರ.

ಮುದಿ ಎತ್ತು ಸತ್ತ ಮನೆಗೆ ಓಣಿಯ ಜನ ಬರುತ್ತಾರೆ. "ಯಾವಾಗ ಹೋದನ್ರೀ?" ಎಂದು ಕೇಳುತ್ತಾರೆ. "ಬೆಳಗಿನ ಜಾವ. ನಿನ್ನಿ ಸಂಜಿಗೇ ನೀರ ಬಿಟ್ಟಿದ್ದ" ಎಂದು ಮನೆಯವರು ಹೇಳುತ್ತಾರೆ. ಬಿಟ್ಟಿತ್ತು ಎನ್ನುವುದಿಲ್ಲ, ಬಿಟ್ಟಿದ್ದ ಎನ್ನುತ್ತಾರೆ. ವ್ಯಾಕರಣದ ಪುಸ್ತಕದಲ್ಲಿ ಎತ್ತು ನಪುಂಸಕಲಿಂಗ. ಧಾರವಾಡದ ಹಳ್ಳಿಯ ಮಾತಿನಲ್ಲಿ ಅದು ಬಸವಣ್ಣ, ಹಾಗಾಗಿ 'ಅವ'. ಬಂದವರು ಅರ್ಧ ತಾಸು ಕುಳಿತು, ಚಹಾ ಬೇಡವೆಂದು, "ಏನ್ ಮಾಡೂದು, ನಮ್ಮ ಕೈಯಾಗ ಏನೈತಿ" ಎಂದು ಎದ್ದು ಹೋಗುತ್ತಾರೆ. ಮನುಷ್ಯರು ಸತ್ತ ಮನೆಯಲ್ಲಿ ಆಡುವ ಮಾತೇ ಇದು, ಒಂದಕ್ಷರವೂ ಬೇರೆಯಿಲ್ಲ.

ನಗರದಲ್ಲಿ ಸಾಕಿದ ನಾಯಿ ಸತ್ತಾಗ ಆಫೀಸಿಗೆ ರಜೆ ಕೇಳಲು ನಾಚಿಕೆಪಡುವವರಿದ್ದಾರೆ. "ನಾಯಿ ಸತ್ತದ್ದಕ್ಕೆ ಇಷ್ಟೆಲ್ಲಾ ಯಾಕೆ?" ಎಂಬ ಮಾತಿಗೆ ಹೆದರಿ ಜ್ವರ ಎಂದು ಬರೆದುಕೊಡುತ್ತಾರೆ. ಅಮೆರಿಕದ ವಿದ್ವಾಂಸ ಕೆನೆತ್ ಡೋಕಾ 1989ರಲ್ಲಿ ಇಂಥ ಸಂಕಟಕ್ಕೆ ಒಂದು ಹೆಸರು ಕೊಟ್ಟರು: ಸಮಾಜ ಹಕ್ಕು ಕೊಡದ ದುಃಖ. ಅಳಲು ಕಾರಣ ಇದೆ, ಅಳಲು ಪರವಾನಗಿ ಇಲ್ಲ. ಎರಿ ಸೀಮೆಯ, ಅಂದರೆ ಕರಿಮಣ್ಣಿನ ಸೀಮೆಯ, ರೈತನಿಗೆ ಈ ತೊಂದರೆ ಇಲ್ಲ. ಎತ್ತಿಗಾಗಿ ಅತ್ತ ಗಂಡಸನ್ನು ನೋಡಿ ಇಲ್ಲಿ ಯಾರೂ ನಗುವುದಿಲ್ಲ. ಅವನ ತೊಂದರೆ ಬೇರೆ ಕಡೆ ಇದೆ. ಅದಕ್ಕೆ ಬರುವ ಮೊದಲು ಎತ್ತಿನ ಆಯುಷ್ಯದ ಲೆಕ್ಕ ಗೊತ್ತಿರಬೇಕು.

ಎತ್ತಿನ ವಯಸ್ಸು ಬಾಯಲ್ಲಿರುತ್ತದೆ. ಸುಮಾರು ಎರಡು, ಎರಡೂವರೆ ವರ್ಷಕ್ಕೆ ಹಾಲುಹಲ್ಲು ಬಿದ್ದು ಎರಡು ಹಲ್ಲು ಬರುತ್ತವೆ. ಆಮೇಲೆ ನಾಲ್ಕು, ಆರು. ನಾಲ್ಕು ವರ್ಷ ದಾಟುವ ಹೊತ್ತಿಗೆ ಎಂಟೂ ಬಂದು 'ಬಾಯಿಗೂಡುತ್ತದೆ'. ಆಮೇಲಿನ ವಯಸ್ಸನ್ನು ಹಲ್ಲಿನ ಸವಕಳಿ ನೋಡಿ ಅಂದಾಜು ಮಾಡಬೇಕು. ಹತ್ತು ಹನ್ನೆರಡು ವರ್ಷದವರೆಗೆ ಗಟ್ಟಿ ದುಡಿಮೆ. ಆಮೇಲೆ ರಂಟೆ ಬಿಡಿಸಿ ಹಗುರವಾದ ಎಡೆ ಕುಂಟೆಗೆ ಹೂಡುತ್ತಾರೆ, ಕೊನೆಗೆ ಖಾಲಿ ಚಕ್ಕಡಿಗೆ, ಕೊನೆಯ ಕೊನೆಗೆ ಯಾವುದಕ್ಕೂ ಇಲ್ಲ. ಚೆನ್ನಾಗಿ ನೋಡಿಕೊಂಡರೆ ಹದಿನೆಂಟು ಇಪ್ಪತ್ತು ವರ್ಷ ಬದುಕಬಲ್ಲ ಜೀವ. ಅಂದರೆ ದುಡಿಮೆ ಮುಗಿದ ಮೇಲೆ ಐದಾರು ವರ್ಷ ಬರೀ ತಿನ್ನುವ ವಯಸ್ಸು. ಮನೆಯ ಯಜಮಾನನಿಗೂ ಅಂಥದೊಂದು ವಯಸ್ಸು ಬರುತ್ತದೆ, ಆದರೆ ಅವನ ಮುಂದೆ ಯಾರೂ ಹೊಟ್ಟಿನ ಲೆಕ್ಕ ತೆಗೆಯುವುದಿಲ್ಲ.

ಈ ವರ್ಷಗಳನ್ನು ರೈತರು ಕ್ಯಾಲೆಂಡರಿನಿಂದ ಎಣಿಸುವುದು ಕಡಿಮೆ. ಬೆಣ್ಣೆಹಳ್ಳ ಉಕ್ಕಿ ಹೊಲ ಕೊಚ್ಚಿಹೋದ ವರ್ಷ ತಂದ ಎತ್ತು, ಮಗಳ ಮದುವೆಯ ವರ್ಷ ಹಲ್ಲು ಹಚ್ಚಿದ ಎತ್ತು, ಉಳವಿಗೆ ಹೋಗಿ ಬಂದ ಎತ್ತು. ಕೊನೆಯದಕ್ಕೆ ತೂಕ ಹೆಚ್ಚು. ಉತ್ತರ ಕನ್ನಡದ ಕಾಡಿನ ನಡುವೆ ಇರುವ ಉಳವಿ ಚನ್ನಬಸವೇಶ್ವರ ಜಾತ್ರೆಗೆ ಧಾರವಾಡ, ಬೆಳಗಾವಿ ಕಡೆಯ ಹಳ್ಳಿಗಳಿಂದ ಇಂದಿಗೂ ಸಾಲುಗಟ್ಟಿ ಚಕ್ಕಡಿ ಹೋಗುತ್ತವೆ. ಭಾರತ ಹುಣ್ಣಿಮೆಯ ಹೊತ್ತಿಗೆ ಮುಟ್ಟಬೇಕು. ಬಯಲಿನಲ್ಲಿ ಹುಟ್ಟಿದ ಎತ್ತುಗಳು ಘಟ್ಟದ ದಾರಿಯಲ್ಲಿ ಕೊರಳಗೆಜ್ಜೆ ಅಲುಗಿಸುತ್ತ ದಿನಗಟ್ಟಲೆ ನಡೆಯುತ್ತವೆ. ರಾತ್ರಿ ಬಯಲಲ್ಲಿ ನೊಗ ಇಳಿಸಿ ಎತ್ತಿನ ಪಕ್ಕದಲ್ಲೇ ಹಾಸಿ ಮಲಗುವುದು. ಅಂಥ ದಾರಿಯಲ್ಲಿ ನಾಲ್ಕಾರು ಸಲ ಮುಗ್ಗರಿಸದೆ ಕರೆದೊಯ್ದು ಕರೆತಂದ ಎತ್ತಿಗೆ ವಯಸ್ಸಾದರೆ ಅದನ್ನು ಯಾರ ಕೈಗೆ ಕೊಡುವುದು?

ಇನ್ನು ಜೋಡಿಯ ಮಾತು. ನೊಗಕ್ಕೆ ಎಡಕ್ಕೆ ಹೂಡಿದ ಎತ್ತು ಎಡಕ್ಕೇ, ಬಲದ್ದು ಬಲಕ್ಕೇ. ವರ್ಷಗಟ್ಟಲೆ ಹಾಗೇ ನಡೆದ ಮೇಲೆ ಅದಲುಬದಲು ಮಾಡಿದರೆ ಎರಡೂ ಗೊಂದಲಗೊಳ್ಳುತ್ತವೆ. ಹೊಲದ ಸಾಲು ಮುಗಿದಲ್ಲಿ ತಿರುಗುವಾಗ ಯಾವುದು ನಿಲ್ಲಬೇಕು, ಯಾವುದು ಸುತ್ತಬೇಕು ಎಂಬುದನ್ನು ಬಾರಕೋಲು ಹೇಳುವ ಮೊದಲೇ ಅವು ತಿಳಿದಿರುತ್ತವೆ. ಒಂದು ಸತ್ತರೆ ಇನ್ನೊಂದು ನಾಲ್ಕಾರು ದಿನ ಮೇವಿಗೆ ಬಾಯಿ ಹಾಕದೆ, ಖಾಲಿ ಜಾಗದ ಕಡೆಗೇ ಕೊರಳು ತಿರುಗಿಸಿ ನಿಲ್ಲುವುದನ್ನು ಎತ್ತು ಕಟ್ಟಿದ ಯಾವ ಮನೆಯವರನ್ನು ಕೇಳಿದರೂ ಹೇಳುತ್ತಾರೆ. ಅದು ದುಃಖವೋ, ರೂಢಿ ತಪ್ಪಿದ ಗೊಂದಲವೋ ಎಂದು ವಿಜ್ಞಾನಿಗಳು ಚರ್ಚಿಸಲಿ. ಮನುಷ್ಯರ ದುಃಖದಲ್ಲೂ ಅರ್ಧ ಪಾಲು ರೂಢಿ ತಪ್ಪಿದ ಗೊಂದಲವೇ ಅಲ್ಲವೆ?

ಉಳಿದ ಒಂಟಿ ಎತ್ತಿಗೆ ಜೋಡಿ ಹುಡುಕುವುದು ಗಂಡಿಗೆ ಹೆಣ್ಣು ಹುಡುಕುವುದಕ್ಕಿಂತ ಕಷ್ಟ. ಎತ್ತರ ಕೂಡಬೇಕು, ನಡಿಗೆ ಕೂಡಬೇಕು, ಬಣ್ಣ ಕೂಡಿದರೆ ಇನ್ನೂ ಒಳ್ಳೆಯದು. ಹಿಂದೆ ಒಂದೇ ಎತ್ತು ಉಳಿದ ಇಬ್ಬರು ರೈತರು ಮುಯ್ಯಿ ಮಾಡಿಕೊಂಡು, ಇಂದು ನಿನ್ನ ಹೊಲ, ನಾಳೆ ನನ್ನ ಹೊಲ ಎಂದು ಹಂಗಾಮು ದಾಟಿಸುತ್ತಿದ್ದರು. ಈಗ ಓಣಿಯಲ್ಲಿ ಇನ್ನೊಂದು ಎತ್ತು ಸಿಕ್ಕರೆ ತಾನೆ ಮುಯ್ಯಿ. ದೇಶದ ಜಾನುವಾರು ಗಣತಿ ತೆಗೆದು ನೋಡಿದರೆ 2012ರಲ್ಲಿ 6.79 ಕೋಟಿ ಇದ್ದ ಗಂಡು ದನಗಳು 2019ಕ್ಕೆ 4.74 ಕೋಟಿಗೆ ಇಳಿದಿವೆ. ಏಳು ವರ್ಷದಲ್ಲಿ ಶೇಕಡ 30ರಷ್ಟು. ಇದೇ ಅವಧಿಯಲ್ಲಿ ಹೆಣ್ಣು ದನಗಳು ಶೇಕಡ 18ರಷ್ಟು ಹೆಚ್ಚಿವೆ. ಹಾಲಿಗೆ ಬೆಲೆ ಇದೆ. ನೊಗಕ್ಕೆ ಟ್ರ್ಯಾಕ್ಟರ್ ಬಂತು. ಕುಂದಗೋಳ, ಅಣ್ಣಿಗೇರಿಯ ಹತ್ತಿ, ಮೆಣಸಿನಕಾಯಿ ಹೊಲಗಳಲ್ಲಿ ಸಾಲಿನ ನಡುವೆ ಎಡೆ ಹೊಡೆಯಲು ಮಾತ್ರ ಇನ್ನೂ ಎತ್ತೇ ಬೇಕೆನ್ನುವವರಿದ್ದಾರೆ. ಟ್ರ್ಯಾಕ್ಟರಿನ ಗಾಲಿಗೆ ಗಿಡದ ಮೇಲೆ ಕನಿಕರ ಇರುವುದಿಲ್ಲ.

ಈಗ ಆ ತೊಂದರೆಯ ಮಾತಿಗೆ ಬರಬೇಕು. ಮನೆಯಲ್ಲೇ ಸತ್ತ ಎತ್ತಿನ ಬಗ್ಗೆ ಜನ ಮನಸ್ಸು ಬಿಚ್ಚಿ ಮಾತಾಡುತ್ತಾರೆ, ಅಳುತ್ತಾರೆ, ನಾಲ್ಕು ವರ್ಷದ ಮೇಲೂ ಅದರ ಗುಣಗಾನ ಮಾಡುತ್ತಾರೆ. ಸಂತೆಗೆ ಹೊಡೆದುಕೊಂಡು ಹೋದ ಎತ್ತಿನ ಬಗ್ಗೆ ಮಾತ್ರ ಮಾತು ಮೊಟಕು. "ಅದನ್ನ ಕೊಟ್ವಿ" ಎನ್ನುತ್ತಾರೆ, ಅಷ್ಟೆ. 'ಅವ' ಅಲ್ಲಿ 'ಅದು' ಆಗಿಬಿಟ್ಟಿರುತ್ತದೆ.

ಹುಬ್ಬಳ್ಳಿಯ ಅಮರಗೋಳದ ಎಪಿಎಂಸಿಯಾಗಲಿ, ಹಾವೇರಿಯ ದನದ ಸಂತೆಯಾಗಲಿ, ವ್ಯಾಪಾರದ ರೀತಿ ಒಂದೇ. ದಲಾಲಿ ಬಾಯಿ ತೆರೆಸಿ ಹಲ್ಲು ನೋಡುತ್ತಾನೆ, ಬೆನ್ನ ಮೇಲೆ ಕೈಯಾಡಿಸುತ್ತಾನೆ, ನಾಲ್ಕು ಹೆಜ್ಜೆ ನಡೆಸುತ್ತಾನೆ. ಟವೆಲಿನ ಮರೆಯಲ್ಲಿ ಬೆರಳು ಹಿಡಿದು ದರ ಹೇಳುತ್ತಾನೆ. ಎಳೆಯ ಎತ್ತಾದರೆ ಕೊಳ್ಳುವವನು ಯಾವ ಊರು, ಎಷ್ಟು ಎಕರೆ ಎಂದು ಮಾರುವವನು ಕೇಳುತ್ತಾನೆ. ಮುದಿ ಎತ್ತಾದರೆ ಕೇಳುವುದಿಲ್ಲ; ಕೇಳಿದರೆ ಉತ್ತರ ಸಿಕ್ಕೀತು ಎಂಬ ಭಯ. ಬಹಳ ಮನೆಗಳಲ್ಲಿ ಎತ್ತು ಮಾರಿದರೂ ಅದರ ಹಗ್ಗ, ಗಂಟೆ ಮಾರುವುದಿಲ್ಲ. ಕೊಂಡವನ ಹಗ್ಗ ಹಾಕಿ, ತನ್ನದನ್ನು ಬಿಚ್ಚಿಕೊಂಡು ಹೆಗಲಿಗೆ ಹಾಕಿ ಬಸ್ಸು ಹತ್ತಬೇಕು. ಕಿಟಕಿಯ ಪಕ್ಕ ಕುಳಿತ ಆ ರೈತನ ತೊಡೆಯ ಮೇಲಿನ ಹಗ್ಗ ನೋಡಿದರೆ ಪಕ್ಕದವರಿಗೆ ಎಲ್ಲ ತಿಳಿಯುತ್ತದೆ, ಯಾರೂ ಮಾತಾಡಿಸುವುದಿಲ್ಲ.

ಕಾನೂನು ಕೂಡ ಈ ನಡುವೆ ಬಂದು ಕೂತಿದೆ. 1964ರ ಕರ್ನಾಟಕದ ಕಾಯ್ದೆ ಹನ್ನೆರಡು ವರ್ಷ ದಾಟಿದ ಅಥವಾ ಕೆಲಸಕ್ಕೆ ಬಾರದ ಎತ್ತನ್ನು ಪ್ರಮಾಣಪತ್ರ ಪಡೆದು ವಧೆಗೆ ಕೊಡಲು ಬಿಟ್ಟಿತ್ತು. 2021ರಿಂದ ಜಾರಿಯಲ್ಲಿರುವ ಕಾಯ್ದೆಯಲ್ಲಿ ಆ ದಾರಿ ಹದಿಮೂರು ವರ್ಷ ಮೇಲ್ಪಟ್ಟ ಎಮ್ಮೆ, ಕೋಣಗಳಿಗೆ ಮಾತ್ರ ಉಳಿದಿದೆ. ಪರ ವಿರೋಧದ ಭಾಷಣಗಳು ವಿಧಾನಸೌಧದಲ್ಲಿ ಸಾಕಷ್ಟಾದವು. ಎರಡೂ ಕಡೆಯವರು ರೈತನ ಹೆಸರು ಹೇಳಿದರು. 2022ರಲ್ಲಿ ಸರ್ಕಾರ 'ಪುಣ್ಯಕೋಟಿ ದತ್ತು ಯೋಜನೆ' ತಂದಿತು. ಗೋಶಾಲೆಯ ಒಂದು ರಾಸಿಗೆ ವರ್ಷಕ್ಕೆ 11,000 ರೂಪಾಯಿ ಕೊಟ್ಟರೆ ದತ್ತು ತೆಗೆದುಕೊಂಡಂತೆ ಎಂದಿತು. ಪುಣ್ಯಕೋಟಿ ಎಂಬ ಹೆಸರು ಕೇಳಿದರೆ ಕನ್ನಡ ಶಾಲೆಯಲ್ಲಿ ಓದಿದ ಯಾರಿಗಾದರೂ ಗಂಟಲು ಕಟ್ಟುತ್ತದೆ. ಆದರೆ ದಿನಕ್ಕೆ ಮೂವತ್ತು ರೂಪಾಯಿಯಲ್ಲಿ ದೊಡ್ಡ ಎತ್ತಿನ ಹೊಟ್ಟೆ ತುಂಬುವುದೇ ಎಂದು ಅಂಗಡಿಯಲ್ಲಿ ಹಿಂಡಿಯ ದರ ಕೇಳಿದವರಿಗೆ ಗೊತ್ತು. ಬರ ಬಿದ್ದ ವರ್ಷ ಕಣಿಕೆಯ ಬೆಲೆ ಏರಿದಾಗ ಮೊದಲು ಸಂತೆಯ ದಾರಿ ಹಿಡಿಯುವುದು ಮುದಿಯದೇ. 2023ರ ಬರದಲ್ಲೂ ಈ ಲೆಕ್ಕವನ್ನು ಪಡಸಾಲೆಯಲ್ಲಿ ಕೂತು ಹಾಕಿದವರಿದ್ದರು. ಲೆಕ್ಕ ಹಾಕಿದ್ದು ಎತ್ತಿನ ಎದುರಿಗೇ, ನಾಲ್ಕು ಹೆಜ್ಜೆ ದೂರದಲ್ಲಿ.

ಹಾಗಾಗಿ ಯಾರಾದರೂ "ನಮ್ಮ ಎತ್ತು ಮನಿಯಾಗ ಹೋದ, ಹೊಲದಾಗ ಇಟ್ಟು ಬಂದ್ವಿ" ಎಂದು ಹೇಳಿದರೆ ಅದರಲ್ಲಿ ದುಃಖದ ಜೊತೆಗೆ ಒಂದು ನೆಮ್ಮದಿಯೂ ಇರುತ್ತದೆ. ಆ ಮನೆಯವರು ಮಾರಲಿಲ್ಲ ಎಂಬುದು ಊರಿಗೆಲ್ಲ ಗೊತ್ತಾಗುತ್ತದೆ.

ಹೊಲದಲ್ಲಿ ಇಡುವುದೂ ಸುಲಭದ ಕೆಲಸವಲ್ಲ. ಎರಿ ಮಣ್ಣು ಬೇಸಿಗೆಯಲ್ಲಿ ಕಲ್ಲಿನಷ್ಟು ಗಟ್ಟಿ, ಕೈ ತೂರುವಷ್ಟು ಅಗಲಕ್ಕೆ ಬಿರುಕು ಬಿಟ್ಟಿರುತ್ತದೆ. ಮಳೆಗಾಲದಲ್ಲಿ ಅದೇ ಮಣ್ಣು ಕಾಲಿಗೆ ಮೆತ್ತಿ ಹೆಜ್ಜೆ ಎತ್ತಲು ಬಿಡುವುದಿಲ್ಲ, ವಾಹನ ಒಳಗೆ ಹೋಗುವ ಮಾತೇ ಇಲ್ಲ. ಎತ್ತು ಯಾವ ತಿಂಗಳಲ್ಲಿ ಸತ್ತಿತು ಎಂಬುದರ ಮೇಲೆ ಅದನ್ನು ಎಲ್ಲಿ ಹೂಳುವುದು ಎಂದು ತೀರ್ಮಾನವಾಗುತ್ತದೆ. ಕಲಘಟಗಿಯ ಕೆಂಪು ಮಣ್ಣಿನಲ್ಲಿ ಅಷ್ಟು ಪಡಿಪಾಟಲಿಲ್ಲ. ಈಗ ಎಲ್ಲ ಕಡೆ ಜೆಸಿಬಿ ಕರೆಸುತ್ತಾರೆ. ಆಳು ಹಚ್ಚಿ ಅಗೆಸಿದರೆ ದಿನ ಹಿಡಿಯುವ ಗುಂಡಿ ಸ್ವಲ್ಪ ಹೊತ್ತಿನಲ್ಲೇ ಸಿದ್ಧ. ಹಣೆಗೆ ವಿಭೂತಿ, ಕೊಂಬಿಗೆ ಹೂವಿನ ಸರ, ಮೈಮೇಲೆ ಎತ್ತಿನ ಹಬ್ಬವಾದ ಕಾರಹುಣ್ಣಿಮೆಯ ಜೂಲ. ಕೆಲವು ಊರುಗಳಲ್ಲಿ ಭಜನೆಯವರು ಮುಂದೆ ನಡೆಯುತ್ತಾರೆ. ಗುಂಡಿಗೆ ಉಪ್ಪು, ಸುಣ್ಣ. ಅಲ್ಲಿಯವರೆಗೆ ಎತ್ತನ್ನು ಒಯ್ಯುವುದು ಟ್ರ್ಯಾಕ್ಟರಿನ ಟ್ರೇಲರಿನಲ್ಲಿ. ಜೀವಮಾನವೆಲ್ಲ ಎಳೆದ ಎತ್ತು ಒಂದೇ ಒಂದು ಸಲ ಕೂತು ಹೋಗುವ ಗಾಡಿ ಅದು, ಅದೂ ತನ್ನ ಕೆಲಸ ಕಸಿದುಕೊಂಡದ್ದರ ಬೆನ್ನ ಮೇಲೆ.

ಇದನ್ನೆಲ್ಲ ಹಿಂದಿನಿಂದ ಬಂದ ಪದ್ಧತಿ ಎಂದು ಹೇಳುವ ರೂಢಿ ಇದೆ. ಪೂರ್ತಿ ನಿಜವಲ್ಲ. ಹಿಂದೆ ಸತ್ತ ದನವನ್ನು ಮನೆಯಿಂದ ಹೊರಗೆ ಎಳೆದೊಯ್ಯುವ ಕೆಲಸ ಊರಾಚೆ ಬದುಕುತ್ತಿದ್ದ ದಲಿತ ಸಮುದಾಯಗಳ ತಲೆಗೆ ಕಟ್ಟಿದ್ದು. ಅಳುವವರು ಒಳಗೆ, ಹೊರುವವರು ಹೊರಗೆ. ಚರ್ಮ ಅವರ ಪಾಲಿಗೆ. ಮೆಟ್ಟು, ಬಾರಕೋಲಿನ ಮಿಣಿ, ನೊಗದ ಪಟ್ಟಿ ಮತ್ತೆ ರೈತನ ಮನೆಗೆ. ಎತ್ತು ಸತ್ತ ಮೇಲೂ ಹೊಲಕ್ಕೆ ಬರುತ್ತಿತ್ತು ಎನ್ನಬಹುದು, ಆದರೆ ಆ ಸುತ್ತಿನಲ್ಲಿ ಅವಮಾನ ಯಾರ ಪಾಲಿಗೆ ಬಿತ್ತು ಎಂಬುದೂ ಗೊತ್ತಿರಲಿ. 1927ರಲ್ಲಿ ಮಹಾಡದಲ್ಲಿ ಡಾ. ಬಿ.ಆರ್. ಅಂಬೇಡ್ಕರ್ ಸತ್ತ ದನದ ಮಾಂಸ ತಿನ್ನುವುದನ್ನು ಬಿಡಿ ಎಂದು ತಮ್ಮ ಜನಕ್ಕೆ ಕರೆ ಕೊಟ್ಟರು. ಹಳ್ಳಿ ಹಳ್ಳಿಯಲ್ಲಿ ಹೊಸ ತಲೆಮಾರು ಈ ಬಿಟ್ಟಿ ಚಾಕರಿಯನ್ನು ಒಲ್ಲೆ ಎಂದಿತು. ತನ್ನ ಎತ್ತನ್ನು ತಾನೇ ಹೊತ್ತು ಮಣ್ಣು ಮಾಡುವ ಪಾಳಿ ರೈತನಿಗೆ ಬಂದದ್ದರಲ್ಲಿ ಆ ಒಲ್ಲೆ ಎಂಬ ಮಾತಿಗೂ ಪಾಲಿದೆ.

ಊರ ಹೊರಗೆ ಬಿಟ್ಟ ದನವನ್ನು ಮುಗಿಸಲು ಇನ್ನೊಂದು ಬಳಗವೂ ಇತ್ತು. ರಣಹದ್ದುಗಳು. ಅರವತ್ತು ದಾಟಿದವರಿಗೆ ಅವುಗಳ ನೆನಪಿದೆ, ಮೊಮ್ಮಕ್ಕಳು ನೋಡಿಲ್ಲ. ಅವು ಸತ್ತ ಬಗೆ ಮಾತ್ರ ವಿಚಿತ್ರ. 1990ರ ದಶಕದಲ್ಲಿ ದನಗಳ ನೋವು, ಊತಕ್ಕೆ ಡೈಕ್ಲೋಫೆನಾಕ್ ಎಂಬ ಅಗ್ಗದ ಔಷಧಿ ಹಳ್ಳಿಹಳ್ಳಿಗೂ ಬಂತು. ಕಾಲೆಳೆಯುವ ಮುದಿ ಎತ್ತಿಗೆ ಎರಡು ದಿನ ಸುಖ ಸಿಗಲೆಂದು ರೈತರು ಡಾಕ್ಟರನ್ನು ಕರೆಸಿ ಸೂಜಿ ಹಾಕಿಸಿದರು. ಆ ಎತ್ತು ಸತ್ತ ಮೇಲೆ ಅದನ್ನು ತಿಂದ ಹದ್ದುಗಳ ಮೂತ್ರಪಿಂಡ ಕೆಟ್ಟು, ಅವು ಕೂತ ಕೊಂಬೆಯಿಂದಲೇ ಉದುರಿದವು. ಕಾರಣ ಪತ್ತೆಯಾಗಿ ಅಂತರರಾಷ್ಟ್ರೀಯ ಪತ್ರಿಕೆಯಲ್ಲಿ ಬಂದದ್ದು 2004ರಲ್ಲಿ. ಭಾರತ ದನಗಳಿಗೆ ಆ ಔಷಧಿ ಕೊಡುವುದನ್ನು ನಿಷೇಧಿಸಿದ್ದು 2006ರಲ್ಲಿ. ಅಷ್ಟರಲ್ಲಿ ಬಿಳಿಬೆನ್ನಿನ ರಣಹದ್ದುಗಳು ದೇಶದಲ್ಲಿ ನೂರಕ್ಕೆ ತೊಂಬತ್ತೊಂಬತ್ತು ಅಳಿದಿದ್ದವು. ರಾಜ್ಯದಲ್ಲಿ ಉಳಿದ ಕೆಲವೇ ಹದ್ದುಗಳಿಗಾಗಿ 2012ರಲ್ಲಿ ರಾಮನಗರದ ರಾಮದೇವರ ಬೆಟ್ಟವನ್ನು ರಣಹದ್ದು ಧಾಮವೆಂದು ಘೋಷಿಸಬೇಕಾಯಿತು. ಮುದಿ ಎತ್ತಿನ ಮೇಲಿನ ಕನಿಕರ ಹೀಗೂ ಒಂದು ದಾರಿ ಹಿಡಿಯಿತು.

ಪ್ರಾಣಿಯೊಂದು ಸತ್ತದ್ದನ್ನು ಕನ್ನಡ ಎಷ್ಟು ಹಿಂದಿನಿಂದ ಬರೆದಿಟ್ಟಿದೆ ಎಂದು ಹುಡುಕಿದರೆ ಮಂಡ್ಯ ಜಿಲ್ಲೆಯ ಆತಕೂರಿಗೆ ಹೋಗಬೇಕಾಗುತ್ತದೆ. ಅಣ್ಣಿಗೇರಿಯವರು ತಮ್ಮವನೆಂದು ಹೆಮ್ಮೆಪಡುವ, ತಾಯಿಯ ಕಡೆಯಿಂದ ಆ ಊರಿನ ನಂಟಿದ್ದ ಪಂಪ 'ವಿಕ್ರಮಾರ್ಜುನ ವಿಜಯ' ಬರೆದದ್ದು 941ರ ಸುಮಾರಿಗೆ. ಅದಾಗಿ ಎಂಟೇ ವರ್ಷಕ್ಕೆ, ಶಕವರ್ಷ 872ರಲ್ಲಿ, ಆತಕೂರಿನ ಚಲ್ಲೇಶ್ವರ ಗುಡಿಯ ಮುಂದೆ ಒಂದು ಕಲ್ಲು ನಿಂತಿತು. ತಕ್ಕೋಲದ ಯುದ್ಧದಲ್ಲಿ ಚೋಳ ರಾಜಾದಿತ್ಯ ಸತ್ತ ಮೇಲೆ, ಗಂಗ ಬೂತುಗನ ಪಕ್ಷದ ವೀರ ಮಣಲೇರನಿಗೆ ಏನು ಬೇಕೋ ಕೇಳು ಎಂಬ ಮಾತು ಸಿಕ್ಕಿತು. ಅವನು ಊರು ಕೇಳಲಿಲ್ಲ, ಹೊನ್ನು ಕೇಳಲಿಲ್ಲ, 'ಕಾಳಿ' ಎಂಬ ಬೇಟೆನಾಯಿಯನ್ನು ಕೇಳಿದ. ಮುಂದೆ ಆ ನಾಯಿಯನ್ನು ದೊಡ್ಡ ಕಾಡುಹಂದಿಯ ಮೇಲೆ ಬಿಟ್ಟರು. ಹಂದಿಯೂ ಸತ್ತಿತು, ಕಾಳಿಯೂ ಸತ್ತಿತು. ಕಲ್ಲಿನ ಮೇಲೆ ಆ ಎರಡೂ ಇಂದಿಗೂ ಸೆಣಸುತ್ತಲೇ ಇವೆ. ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿ ನೋಡಬಹುದು. ಶಾಸನ ಕೊನೆಯಲ್ಲಿ ಹೇಳುವ ಮಾತು ಇನ್ನೂ ಸೋಜಿಗದ್ದು. ಕಲ್ಲಿಗೆ ಭೂಮಿ ದತ್ತಿ ಬಿಡಲಾಗಿದೆ. ಆ ಸ್ಥಾನ ನೋಡಿಕೊಳ್ಳುವ ಗೊರವ ಕಲ್ಲನ್ನು ಪೂಜಿಸದೆ ಉಂಡರೆ ನಾಯಿ ಮಾಡಿದ ಪಾಪ ಅವನಿಗೆ ತಟ್ಟುತ್ತದೆ. ಸಾವಿರ ವರ್ಷದ ಹಿಂದಿನ ಒಬ್ಬ ಯೋಧ ತನ್ನ ನಾಯಿಯ ದುಃಖವನ್ನು ತಾನೊಬ್ಬನೇ ಹೊರಲಾರೆ ಎಂದು ಊರಿಗೇ ಕಾಯಂ ಕೆಲಸ ಹಚ್ಚಿ ಹೋಗಿದ್ದಾನೆ.

ಮೊನ್ನೆ ಮೊನ್ನೆಯೂ ಇಂಥದೊಂದು ಕಂಡೆವು. ಮೈಸೂರು ದಸರೆಯಲ್ಲಿ ಎಂಟು ಸಲ ಅಂಬಾರಿ ಹೊತ್ತ ಆನೆ ಅರ್ಜುನ 2023ರ ಡಿಸೆಂಬರ್ 4ರಂದು ಹಾಸನ ಜಿಲ್ಲೆಯ ಯಸಳೂರು ವಲಯದಲ್ಲಿ ಕಾಡಾನೆಯೊಂದಿಗಿನ ಕಾದಾಟದಲ್ಲಿ ಸತ್ತಾಗ, ಮಾವುತ ಅದರ ಮೈಮೇಲೆ ಬಿದ್ದು ಅತ್ತದ್ದನ್ನು ರಾಜ್ಯವೆಲ್ಲ ಟಿ.ವಿ.ಯಲ್ಲಿ ನೋಡಿತು. ಅರವತ್ತು ದಾಟಿದ ಆನೆಯನ್ನು ಕಾರ್ಯಾಚರಣೆಗೆ ಯಾಕೆ ಒಯ್ದಿರಿ ಎಂದು ಜನ ಕೇಳಿದರು. ಆನೆಗೆ ಸ್ಮಾರಕವಾಯಿತು. ಎಲ್ಲರಿಗೂ ಗೊತ್ತಿದ್ದ ಆನೆಗಾಗಿ ಊರೆಲ್ಲ ಅತ್ತಿತು. ನವಲಗುಂದದ ಹೊಲದ ಬದುವಿನಲ್ಲಿ ಮಣ್ಣಾದ ಎತ್ತನ್ನು ಗೊತ್ತಿದ್ದವರು ಒಂದು ಓಣಿಯ ಜನ ಮಾತ್ರ. ಅಳುವಿನ ಬಗೆಯಲ್ಲಿ ಬೇರೆ ವ್ಯತ್ಯಾಸ ಕಾಣುವುದಿಲ್ಲ.

ದನಗಳ ಸಾವು ಒಂದೊಂದಾಗಿ ಬರದೆ ಹಿಂಡಾಗಿ ಬಂದರೆ ಏನಾಗುತ್ತದೆ ಎಂಬುದಕ್ಕೂ ದಾಖಲೆ ಇದೆ. 2001ರಲ್ಲಿ ಬ್ರಿಟನ್ನಿನಲ್ಲಿ ಕಾಲುಬಾಯಿ ಬೇನೆ ಹಬ್ಬಿ, ತಡೆಯುವುದಕ್ಕೆಂದು ಅರವತ್ತು ಲಕ್ಷಕ್ಕೂ ಹೆಚ್ಚು ದನ, ಕುರಿಗಳನ್ನು ಕೊಲ್ಲಲಾಯಿತು. ಅತಿ ಹೆಚ್ಚು ಪೆಟ್ಟು ತಿಂದದ್ದು ಕಂಬ್ರಿಯಾ ಪ್ರಾಂತ. ಲ್ಯಾಂಕಾಸ್ಟರ್ ವಿಶ್ವವಿದ್ಯಾಲಯದವರು ಅಲ್ಲಿನ 54 ಜನರ ಕೈಗೆ ಡೈರಿ ಕೊಟ್ಟು ಹದಿನೆಂಟು ತಿಂಗಳು ವಾರವಾರ ಬರೆಸಿದರು. ಬರೆದವರಲ್ಲಿ ರೈತರಷ್ಟೇ ಅಲ್ಲ, ಆ ಸೀಮೆಯ ಬೇರೆ ಬೇರೆ ಕಸುಬಿನವರೂ ಇದ್ದರು. ಪರಿಹಾರದ ಹಣ ಬಂದವರ ಸಂಕಟವೂ ಹಣದೊಂದಿಗೆ ತೀರಿರಲಿಲ್ಲ.

ನಮ್ಮಲ್ಲಿ 2022ರ ಮಳೆಗಾಲ, ಹಿಂಗಾರಿನಲ್ಲಿ ಚರ್ಮಗಂಟು ರೋಗ ಬಂತು. ಧಾರವಾಡ, ಹಾವೇರಿ, ಗದಗ ಎಂದಿಲ್ಲ, ಮೈತುಂಬ ಗಂಟೆದ್ದ ದನಗಳು ಕಾಲು ಊದಿಸಿಕೊಂಡು ನಿಂತವು. ಸಂತೆ, ಸಾಗಾಟ ನಿಂತವು. ಸತ್ತ ಹಸುವಿಗೆ 20,000, ಎತ್ತಿಗೆ 30,000, ಕರುವಿಗೆ 5,000 ರೂಪಾಯಿ ಪರಿಹಾರವೆಂದು ಸರ್ಕಾರ ಸಾರಿತು. ಅರ್ಜಿ ತುಂಬಲು ಪಶು ಆಸ್ಪತ್ರೆಯ ಮುಂದೆ ನಿಂತವರ ಕೈಯಲ್ಲಿ ಎತ್ತಿನ ಫೋಟೊ. ಮೊಬೈಲಿನಲ್ಲಿ ಹುಡುಕಿದರೆ ಸಿಗುವುದೆಲ್ಲ ಕಾರಹುಣ್ಣಿಮೆಯ ಫೋಟೊಗಳೇ. ಕೊಂಬಿಗೆ ಬಣ್ಣ, ಹಣೆಗೆ ಪಟ್ಟಿ, ಪಕ್ಕದಲ್ಲಿ ಹೊಸ ಅಂಗಿಯ ಮೊಮ್ಮಗ. ನಮ್ಮಲ್ಲಿ ಯಾರ ಕೈಗೂ ಡೈರಿ ಕೊಟ್ಟವರಿಲ್ಲ.

ಎತ್ತಿನ ಮಾತಾಡುತ್ತ ಎಮ್ಮೆಯನ್ನು ಮರೆಯುವುದು ಗಂಡಸರು ಬರೆದ ಲೇಖನಗಳ ಹಳೆಯ ಚಾಳಿ. ಎತ್ತು ಯಜಮಾನನದಾದರೆ ಎಮ್ಮೆ ಯಜಮಾನಿಯದು. ಧಾರವಾಡ ಪೇಡೆಯ ರುಚಿಯ ಹಿಂದಿರುವ 'ಧಾರವಾಡಿ' ಎಮ್ಮೆಗೆ ಪ್ರತ್ಯೇಕ ತಳಿಯೆಂಬ ರಾಷ್ಟ್ರೀಯ ಮಾನ್ಯತೆ ಸಿಕ್ಕಿದ್ದು 2021ರಲ್ಲಿ. ಮನೆಯ ಹೆಣ್ಣುಮಕ್ಕಳು ಆ ಮಾನ್ಯತೆಯನ್ನು ಎಂದೋ ಕೊಟ್ಟಿದ್ದರು. ಬಹಳ ಎಮ್ಮೆಗಳು ಒಂದೇ ಕೈಗೆ ತೊರೆಯುತ್ತವೆ. ಮನೆಯೊಡತಿ ತವರಿಗೆ ಹೋದರೆ ಸೊಸೆ ಅತ್ತೆಯ ಸೀರೆ ಉಟ್ಟು ಹಿಂಡಲು ಕೂರಬೇಕು. ಅಂಥ ಎಮ್ಮೆ ಗೊಡ್ಡಾದ ಮೇಲೂ ನಾಲ್ಕು ವರ್ಷ ಕಟ್ಟಿ ಮೇಯಿಸಿದವರಿದ್ದಾರೆ. ಅದು ಸತ್ತಾಗ ಊರವರು ಬರುವುದು ಕಡಿಮೆ, ವಿಭೂತಿ ಹಚ್ಚುವವರೂ ಕಡಿಮೆ; ಬಸವಣ್ಣನ ಪಟ್ಟ ಎಮ್ಮೆಗಿಲ್ಲ. "ಎಮ್ಮಿ ಸತ್ರ ಇಷ್ಟ್ಯಾಕ ಅಳ್ತಿ ಯಕ್ಕಾ, ಇನ್ನೊಂದ ತಂದ್ರಾತು" ಎಂದು ಹೇಳಿ ಹೋಗುತ್ತಾರೆ. ಡೋಕಾ ಹೇಳಿದ, ಪರವಾನಗಿಯಿಲ್ಲದ ದುಃಖ ಧಾರವಾಡದ ಹಳ್ಳಿಯಲ್ಲೂ ಇದೆ ಎನ್ನುವುದಾದರೆ ಅದು ಇಲ್ಲಿ, ಹಿತ್ತಲಿನಲ್ಲಿ, ಖಾಲಿ ಗಿಂಡಿ ಹಿಡಿದು ಕೂತಿದೆ.

ಮನೆಯ ಮುಂದಿನ ಭಾಗ ಈಗ ಬದಲಾಗುತ್ತಿದೆ. ಎತ್ತು ಹೋದ ಮೇಲೆ ಒಂದೆರಡು ತಿಂಗಳು ದಂದಕ್ಕಿಯನ್ನು ಹಾಗೇ ಬಿಡುತ್ತಾರೆ. ಆಮೇಲೆ ಗ್ವಾದಲಿ ಒಡೆದು, ನೆಲಕ್ಕೆ ಟೈಲ್ಸ್ ಹಾಕಿಸಿ, ಮೋಟರ್ ಸೈಕಲ್ ನಿಲ್ಲಿಸುತ್ತಾರೆ. ಕೆಲವರು ಮಾತ್ರ ಗ್ವಾದಲಿ ಒಡೆಯುವುದಿಲ್ಲ. ಅದರಲ್ಲಿ ಕಡಲೆಯ ಚೀಲ ಇಡುತ್ತಾರೆ, ಮುರುಕು ಕುರ್ಚಿ ಇಡುತ್ತಾರೆ. ಯಾಕೆ ಉಳಿಸಿದಿರಿ ಎಂದರೆ, "ಇರ್ಲಿ ಬಿಡ್ರಿ, ಮುಂದ ಬೇಕಾಗತೈತಿ" ಎಂದು ಹೇಳುತ್ತಾರೆ. ಮುಂದೆ ಎತ್ತು ತರುವವರಾರು ಎಂದು ಕೇಳುವಷ್ಟು ಒರಟರು ಆ ಊರಲ್ಲಿ ಇರುವುದಿಲ್ಲ.

ಕಾರಹುಣ್ಣಿಮೆ ಬಂದಾಗ ಎತ್ತಿಲ್ಲದ ಮನೆಯ ಕಷ್ಟ ಬಯಲಿಗೆ ಬೀಳುತ್ತದೆ. ಹಿಂದಿನ ದಿನ ಹೊನ್ನುಗ್ಗಿ. ಎತ್ತಿನ ಮೈ ತೊಳೆದು, ಗೊಟ್ಟದಲ್ಲಿ ಮಜ್ಜಿಗೆ, ಅರಿಸಿನ, ತತ್ತಿ ಕಲಸಿ ಕುಡಿಸುವ ದಿನ. ಮರುದಿನ ಸಂಜೆ ಊರ ಅಗಸಿಯಲ್ಲಿ ಎತ್ತು ಓಡಿಸಿ ಕರಿ ಹರಿಯುವುದು. ಬಿಳಿಯ ಎತ್ತು ಮುಂದೆ ಬಂದರೆ ಯಾವ ಬೆಳೆ, ಕೆಂದೆತ್ತು ಬಂದರೆ ಯಾವ ಬೆಳೆ ಎಂದು ಊರೆಲ್ಲ ಕಣ್ಣಿಟ್ಟು ನೋಡುತ್ತದೆ. ತಮ್ಮ ಎತ್ತು ಹೋದ ವರ್ಷ ಆ ಮನೆಯ ಯಜಮಾನ ಅಗಸಿಗೆ ಹೋಗುವುದಿಲ್ಲ, ಹೊಲದಲ್ಲಿ ಏನೋ ಕೆಲಸ ಹುಡುಕಿಕೊಂಡಿರುತ್ತಾನೆ. ಜಂತಿಗೆ ತೂಗುಹಾಕಿದ ಗೆಜ್ಜೆಸರವನ್ನು ಮಾತ್ರ ಆ ದಿನ ಇಳಿಸಿ, ಹುಣಸೆಹಣ್ಣಿನಲ್ಲಿ ಉಜ್ಜಿ ತೊಳೆದು, ಕುಂಕುಮ ಹಚ್ಚಿ ಮತ್ತೆ ಅಲ್ಲೇ ತೂಗುಹಾಕುತ್ತಾರೆ.

ಹದಿನೈದು ದಿನಕ್ಕೆ ಮಣ್ಣೆತ್ತಿನ ಅಮಾವಾಸ್ಯೆ. ಅಂದು ಎತ್ತಿದ್ದ ಮನೆ, ಇಲ್ಲದ ಮನೆ ಎಂಬ ಭೇದವಿಲ್ಲ. ಹೊಲದಿಂದ, ಕೆರೆಯ ದಂಡೆಯಿಂದ ಕರಿಮಣ್ಣು ತಂದು ಜೋಡಿ ಎತ್ತು, ಮುಂದೊಂದು ಗ್ವಾದಲಿ ಮಾಡಿ, ಜಗಲಿಯ ಮೇಲಿಟ್ಟು ಹೋಳಿಗೆಯ ಎಡೆ ಹಿಡಿಯುತ್ತಾರೆ. ಅಜ್ಜ ಮಾಡಿದ ಎತ್ತಿಗೆ ಕೊಂಬು ಹೇಗಿರಬೇಕು, ಹಿಣಿಲು ಎಷ್ಟು ಎತ್ತರ ಇರಬೇಕು ಎಂಬುದು ಅವನ ಬೆರಳಿಗೆ ಗೊತ್ತಿರುತ್ತದೆ. ಒಂದು ಕೊಂಬು ತುಸು ಒಳಕ್ಕೆ ಬಾಗಿದ್ದರೆ ಮನೆಯವರಿಗೆ ಅದು ಯಾರೆಂದು ತಿಳಿಯುತ್ತದೆ, ಬಾಯಿಬಿಟ್ಟು ಯಾರೂ ಹೇಳುವುದಿಲ್ಲ.

ಕೆಲವು ಊರುಗಳಲ್ಲಿ ಮರುದಿನ ಮಕ್ಕಳು ಒಂದು ಮಣ್ಣೆತ್ತಿನ ಕಾಲು ಮುರಿದು, ಅದನ್ನು ಹಲಗೆಯ ಮೇಲಿಟ್ಟುಕೊಂಡು ಮನೆಮನೆಯ ಮುಂದೆ ಬರುತ್ತಾರೆ. ಕುಂಟೆತ್ತು ಬಂದಿದೆ, ಜೋಳ ನೀಡಿ ಎಂದು ಕೂಗುತ್ತಾರೆ. ಒಳಗಿನಿಂದ ಯಾರಾದರೊಬ್ಬರು ಮೊರ ಹಿಡಿದು ಬರುತ್ತಾರೆ. ದುಡಿಯಲಾರದ ಎತ್ತಿಗೆ ಕಾಳು ಹಾಕದ ಮನೆ ಅಂದು ಊರಿನಲ್ಲಿ ಸಿಗುವುದಿಲ್ಲ. ಮಕ್ಕಳು ಜೋಳ ಕೂಡಿಸಿ, ಮಾರಿ, ಮಂಡಕ್ಕಿ, ಬೆಲ್ಲ ತಂದು, ಹಳ್ಳದ ದಂಡೆಯಲ್ಲಿ ಕೂತು ತಿನ್ನುತ್ತಾರೆ. ಎದ್ದು ಬರುವಾಗ ಕುಂಟೆತ್ತನ್ನು ನೀರಿಗೆ ಬಿಟ್ಟು, ಹಿಂದೆ ನೋಡದೆ ಮನೆಯ ಕಡೆ ಓಡುತ್ತಾರೆ.